ಹಳೆಯ ಮಸೀದಿ ಯಾರ ಸೊತ್ತು?

"ಮಸೀದಿ ಹಳತಾಯಿತು, ಕೆಡವಿ ಹೊಸದು ಕಟ್ಟೋಣ." ನಮ್ಮ ಮಹಲ್ಲಾಗಳಲ್ಲಿ ಕಳೆದ ನಾಲ್ಕೈದು ದಶಕಗಳಿಂದ ಆಗಾಗ ಕೇಳಿಬರುತ್ತಿರುವ ಮಾತು ಇದು. ಕರಾವಳಿಯಲ್ಲಿ ಮುರಕಲ್ಲಿನ ಗೋಡೆ, ಮರದ ತೊಲೆ, ಹೆಂಚಿನ ಮಾಡು ಇದ್ದ ಎಷ್ಟೋ ಮಸೀದಿಗಳು ಈ ಒಂದು ಮಾತಿಗೆ ನೆಲಸಮವಾದವು. ಅವುಗಳ ಜಾಗದಲ್ಲಿ ಗುಂಬಜ್, ಮಿನಾರ, ಗಾಜಿನ ಕಿಟಕಿಗಳಿರುವ ಕಾಂಕ್ರೀಟು ಕಟ್ಟಡಗಳು ಎದ್ದವು. ಇದಕ್ಕಾಗಿ ಪರದೇಶದಲ್ಲಿ ಬೆವರು ಸುರಿಸಿದವರು ಹಣ ಕಳುಹಿಸಿದರು, ಬಡವರು ದಿನಗೂಲಿಯಲ್ಲಿ ಉಳಿಸಿ ಕೊಟ್ಟರು. ಅವರ ತ್ಯಾಗವನ್ನು ಯಾರೂ ಹಗುರವಾಗಿ ಕಾಣಬಾರದು. ಅಲ್ಲಾಹನ ಬಳಿ ಅದಕ್ಕೆ ಪ್ರತಿಫಲವಿದೆ.

ಆದರೆ ಇಂತಹ ನಿರ್ಧಾರ ಕೈಗೊಳ್ಳುವ ಪ್ರತಿ ಸಭೆಯಲ್ಲೂ ಒಂದು ಮೂಲೆಯಲ್ಲಿ ಕುಳಿತ ವೃದ್ಧರೊಬ್ಬರು, "ಅಷ್ಟು ಗಟ್ಟಿ ಮರ ಇನ್ನೆಲ್ಲಿ ಸಿಗುತ್ತದೆ? ನಮ್ಮ ಹಿರಿಯರು ಕಟ್ಟಿದ್ದಲ್ಲವೇ?" ಎಂದು ಗೊಣಗುವುದುಂಟು. ಯುವಕರು ಅದನ್ನು ಹಳೆಯ ಕಾಲದ ಮೋಹವೆಂದು ಬದಿಗೆ ಸರಿಸುತ್ತಾರೆ. ಶುಕ್ರವಾರ ಅಂಗಳದ ಬಿಸಿಲಿನಲ್ಲಿ ನಿಂತು ನಮಾಝ್ ಮಾಡುವವರ ಕಷ್ಟ ಯುವಕರ ಕಣ್ಣ ಮುಂದಿದೆ. ಕಾಲಾಂತರದಲ್ಲಿ ಕಳೆದುಹೋಗಲಿರುವ ಏನೋ ಒಂದು ವೃದ್ಧರ ಮನಸ್ಸನ್ನು ಕಾಡುತ್ತಿದೆ. ಇಬ್ಬರಲ್ಲಿ ಯಾರ ಮಾತು ಸರಿ? ಇದು ಇಂಜಿನಿಯರರಿಗೆ ಮಾತ್ರ ಬಿಟ್ಟುಬಿಡಬಹುದಾದ ವಿಷಯವೇ? ಅಥವಾ ದೀನ್ ಇದರ ಬಗ್ಗೆ ಏನಾದರೂ ಹೇಳುತ್ತದೆಯೇ?

ಇಮಾರತ್ ಎಂದರೇನು?

ಮೊದಲು ಒಂದು ಪದವನ್ನು ಪರಿಶೀಲಿಸೋಣ. ಉರ್ದುವಿನಲ್ಲಿ 'ಇಮಾರತ್' ಎಂದರೆ ಕಟ್ಟಡ. ಕನ್ನಡದಲ್ಲಿಯೂ ಕಟ್ಟಡಕ್ಕೆ ಬಳಸುವ ಮರವನ್ನು ಇಮಾರತಿ ಮರ ಎನ್ನುವ ರೂಢಿಯಿದೆ. ಈ ಪದ ಬಂದದ್ದು ಅರಬಿ ಭಾಷೆಯಿಂದ. ಅಲ್ಲಿ ಅದರ ಅರ್ಥ ಇನ್ನೂ ವಿಶಾಲವಾದದ್ದು. ಕಟ್ಟುವುದು, ದುರಸ್ತಿ ಮಾಡುವುದು, ಪಾಳು ಬೀಳದಂತೆ ನೋಡಿಕೊಳ್ಳುವುದು, ಜನರಿಂದ ತುಂಬಿಸುವುದು, ಜೀವಂತವಾಗಿಡುವುದು ಇವೆಲ್ಲವೂ ಇಮಾರತ್. ಅಲ್ಲಾಹನಲ್ಲಿಯೂ ಅಂತಿಮ ದಿನದಲ್ಲಿಯೂ ವಿಶ್ವಾಸವಿಟ್ಟು, ನಮಾಝ್ ಸಂಸ್ಥಾಪಿಸಿ, ಝಕಾತ್ ಕೊಟ್ಟು, ಅಲ್ಲಾಹನ ಹೊರತು ಯಾರಿಗೂ ಅಂಜದವರೇ ಮಸೀದಿಗಳ ಇಮಾರತ್ ಮಾಡುವವರು ಎಂಬ ಆಶಯ ಪವಿತ್ರ ಕುರ್‌ಆನಿನ ಅತ್ತೌಬಃ ಅಧ್ಯಾಯದ 18ನೆಯ ಸೂಕ್ತದಲ್ಲಿದೆ. ಅಂದರೆ ಕಟ್ಟುವುದೂ ಕಾಯುವುದೂ ತುಂಬಿಸುವುದೂ ಕುರ್‌ಆನಿನ ದೃಷ್ಟಿಯಲ್ಲಿ ಒಂದೇ ಕೆಲಸದ ಮೂರು ಮುಖಗಳು.

ನಮ್ಮ ಕನ್ನಡ ಶಾಸನಗಳಲ್ಲಿಯೂ ಇದಕ್ಕೆ ಹತ್ತಿರದ ಒಂದು ಮಾತಿದೆ. ಪ್ರಾಚೀನ ಕಾಲದಲ್ಲಿ ಬಸದಿ, ದೇಗುಲಗಳಿಗೆ ಭೂಮಿ ದಾನ ಮಾಡುವಾಗ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆಂದು ಕೊಟ್ಟ ಉಲ್ಲೇಖಗಳು ಮತ್ತೆ ಮತ್ತೆ ಸಿಗುತ್ತವೆ. ತುಂಡಾದುದನ್ನು, ಬಿರುಕುಬಿಟ್ಟುದನ್ನು ಸರಿಪಡಿಸಿ, ಜೀರ್ಣವಾದುದನ್ನು ಮೇಲೆತ್ತುವುದು ಎಂದು ಅದರ ಅರ್ಥ. ನಾವಿಂದು ಹಳೆಯದನ್ನು ಬುಲ್ಡೋಜರಿನಿಂದ ಉರುಳಿಸುವುದಕ್ಕೂ 'ಜೀರ್ಣೋದ್ಧಾರ' ಎಂದೇ ಹೇಳುತ್ತೇವೆ. ಪದ ಉಳಿದಿದೆ, ಅರ್ಥ ಮಾತ್ರ ಕಳಚಿ ಬಿದ್ದಿದೆ.

ಇಬ್ಬರು ಖಲೀಫರು, ಎರಡು ದಾರಿ

ಹಳೆಯದು ಮತ್ತು ಹೊಸದರ ನಡುವಿನ ಈ ಪ್ರಶ್ನೆ ಮುಸ್ಲಿಮರಿಗೆ ನಿನ್ನೆ ಮೊನ್ನೆ ಎದುರಾದುದಲ್ಲ. ಮದೀನಾದ ಮಸ್ಜಿದುನ್ನಬವಿಯಲ್ಲಿಯೇ ಅದು ಎದುರಾಗಿತ್ತು. ಪ್ರವಾದಿವರ್ಯರ(ಸ) ಕಾಲದಲ್ಲಿ ಆ ಮಸೀದಿಯ ಗೋಡೆ ಹಸಿ ಇಟ್ಟಿಗೆಯದು, ಕಂಬಗಳು ಖರ್ಜೂರದ ಕಾಂಡಗಳು, ಸೂರು ಖರ್ಜೂರದ ಗರಿಗಳದ್ದಾಗಿತ್ತು. ಹ. ಅಬೂಬಕರ್(ರ) ಅದಕ್ಕೆ ಏನನ್ನೂ ಸೇರಿಸಲಿಲ್ಲ. ಜನಸಂಖ್ಯೆ ಹೆಚ್ಚಿದಾಗ ಹ. ಉಮರ್(ರ) ಹಿಜರಿ 17ರಲ್ಲಿ, ಅಂದರೆ ಕ್ರಿ.ಶ. 638ರಲ್ಲಿ, ಅದನ್ನು ವಿಸ್ತರಿಸಿದರು. ಆದರೆ ಪ್ರವಾದಿವರ್ಯರ(ಸ) ಕಾಲದ ಅದೇ ವಿನ್ಯಾಸದಲ್ಲಿ, ಅದೇ ಹಸಿ ಇಟ್ಟಿಗೆ ಮತ್ತು ಗರಿಗಳಿಂದಲೇ ಕಟ್ಟಿಸಿದರು. ಜನರನ್ನು ಮಳೆಯಿಂದ ರಕ್ಷಿಸಿದರೆ ಸಾಕು, ಕೆಂಪು ಹಳದಿ ಬಣ್ಣ ಬಳಿದು ನಮಾಝ್ ಮಾಡುವವರ ಗಮನ ಕೆಡಿಸಬೇಡ ಎಂದು ಕಟ್ಟುವವನಿಗೆ ತಾಕೀತು ಮಾಡಿದ್ದನ್ನು ಇಮಾಮ್ ಬುಖಾರಿ(ರಹ್) ದಾಖಲಿಸಿದ್ದಾರೆ.

ಸುಮಾರು ಹನ್ನೆರಡು ವರ್ಷಗಳ ಬಳಿಕ, ಹಿಜರಿ 29ರಲ್ಲಿ, ಹ. ಉಸ್ಮಾನ್(ರ) ಬೇರೊಂದು ದಾರಿ ಹಿಡಿದರು. ಗೋಡೆಗಳಿಗೂ ಕಂಬಗಳಿಗೂ ಕೆತ್ತಿದ ಕಲ್ಲು ತರಿಸಿದರು, ಸುಣ್ಣದ ಗಾರೆ ಬಳಸಿದರು, ಸಾಗುವಾನಿ ಮರದ ಛಾವಣಿ ಹಾಕಿಸಿದರು. ಆಗ ಜನರು ಆಕ್ಷೇಪವೆತ್ತಿದರು. ಅಲ್ಲಾಹನ ಸಂತೃಪ್ತಿಗಾಗಿ ಮಸೀದಿ ಕಟ್ಟಿದವನಿಗೆ ಅಲ್ಲಾಹನು ಸ್ವರ್ಗದಲ್ಲಿ ಮನೆ ಕಟ್ಟುತ್ತಾನೆಂಬ ಪ್ರವಾದಿ ವಚನವನ್ನು ಅವರು ತಮ್ಮ ಸಮರ್ಥನೆಯಾಗಿ ಮುಂದಿಟ್ಟರು.

ಇಲ್ಲಿ ಗಮನಿಸಬೇಕಾದ ಅಂಶವೇನು? ಇಬ್ಬರೂ ಸನ್ಮಾರ್ಗಿ ಖಲೀಫರು. ಇಬ್ಬರೂ ಹಳೆಯದನ್ನು ಮುಟ್ಟಿದರು. ಆದ್ದರಿಂದ ಹಳೆಯದಕ್ಕೆ ಕೈ ಹಚ್ಚುವುದೇ ಪಾಪವೆನ್ನುವವರ ವಾದ ನಿಲ್ಲುವುದಿಲ್ಲ. ಮಳೆ, ಬಿಸಿಲು, ಜನಸಂದಣಿ ಇವು ನಿಜವಾದ ಅಗತ್ಯಗಳು. ಹೊಸ ಸಾಮಗ್ರಿಯೂ ನಿಷಿದ್ಧವಲ್ಲ. ಆದರೆ ಹ. ಉಸ್ಮಾನ್‌ರಂತಹ(ರ) ಖಲೀಫರನ್ನೂ ಜನರು ಪ್ರಶ್ನಿಸಿದರು, ಅವರೂ ಜನರ ಮುಂದೆ ನಿಂತು ಕಾರಣ ಹೇಳಿದರು. ಹಳೆಯದನ್ನು ಬದಲಾಯಿಸುವವನು ಉತ್ತರ ಕೊಡಬೇಕಾದ ಬಾಧ್ಯತೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಈ ಘಟನೆಯ ಪಾಠ.

ಮದೀನಾ ಅತ್ತ ದಿನ

ಇನ್ನೊಂದು ಘಟನೆ ಉಮವೀ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್‌ರ ಕಾಲದ್ದು. ಹಿಜರಿ 88ರಲ್ಲಿ, ಕ್ರಿ.ಶ. 707ರ ಹೊತ್ತಿಗೆ, ಮಸ್ಜಿದುನ್ನಬವಿಯನ್ನು ಮತ್ತೆ ವಿಸ್ತರಿಸುವ ಆಜ್ಞೆ ಬಂತು. ಆಗ ಮದೀನಾದ ರಾಜ್ಯಪಾಲರಾಗಿದ್ದವರು ಹ. ಉಮರ್ ಬಿನ್ ಅಬ್ದುಲ್ ಅಝೀಝ್(ರಹ್). ವಿಸ್ತರಣೆಗಾಗಿ ಪ್ರವಾದಿ ಪತ್ನಿಯರ ಕೋಣೆಗಳನ್ನು ಕೆಡವಬೇಕಾಯಿತು. ಆ ಕೋಣೆಗಳಾದರೂ ಎಂಥವು? ಹಸಿ ಇಟ್ಟಿಗೆ, ಖರ್ಜೂರದ ಗರಿ, ಬಾಗಿಲಿಗೆ ಕೂದಲಿನ ಕಂಬಳಿಯ ಪರದೆ. ತಾನು ಕಿಶೋರನಾಗಿದ್ದಾಗ ಅವುಗಳ ಒಳಗೆ ಹೋಗಿ ಕೈಯೆತ್ತಿದರೆ ಸೂರು ತಾಗುತ್ತಿತ್ತೆಂದು ಹ. ಹಸನ್ ಬಸ್ರಿ(ರಹ್) ನೆನೆಸಿಕೊಂಡಿದ್ದಾರೆ.

ಅವುಗಳನ್ನು ಕೆಡವಿದ ದಿನ ಮದೀನಾದ ಜನರು ಬಿಕ್ಕಿ ಬಿಕ್ಕಿ ಅತ್ತರು. ಮಹಾನ್ ತಾಬಿಈ ವಿದ್ವಾಂಸ ಹ. ಸಈದ್ ಬಿನ್ ಮುಸಯ್ಯಬ್(ರಹ್) ಅಂದು ವ್ಯಕ್ತಪಡಿಸಿದ ಅಭಿಪ್ರಾಯವನ್ನು ಇಬ್ನು ಸಅದ್(ರಹ್) ಉಳಿಸಿಕೊಟ್ಟಿದ್ದಾರೆ. ಆ ಕೋಣೆಗಳನ್ನು ಇದ್ದಂತೆಯೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮದೀನಾದಲ್ಲಿ ಮುಂದೆ ಹುಟ್ಟಿ ಬೆಳೆಯುವವರೂ ದೂರದ ನಾಡುಗಳಿಂದ ಬರುವವರೂ ಅಲ್ಲಾಹನ ರಸೂಲರು(ಸ) ಎಷ್ಟರಲ್ಲಿ ತೃಪ್ತರಾಗಿ ಬದುಕಿದರೆಂದು ಕಣ್ಣಾರೆ ಕಾಣುತ್ತಿದ್ದರು, ಅದು ಅವರನ್ನು ಸಂಪತ್ತು ಪೇರಿಸುವ ಪೈಪೋಟಿಯಿಂದ ದೂರ ಇಡುತ್ತಿತ್ತು ಎಂಬುದು ಅವರ ಮಾತಿನ ಸಾರ.

ಈ ಮಾತಿನ ಆಳವನ್ನು ನೋಡಿರಿ. ಅವರು ಆ ಗೋಡೆಗಳಿಗೆ ಪಾವಿತ್ರ್ಯವನ್ನು ಆರೋಪಿಸಲಿಲ್ಲ. ಅವುಗಳನ್ನು ಮುಟ್ಟಿ ಬರಕತ್ ಪಡೆಯಬೇಕೆಂದೂ ಹೇಳಲಿಲ್ಲ. ಆ ತಗ್ಗಿದ ಸೂರು ಒಂದು ಪಾಠ ಹೇಳುತ್ತಿತ್ತು. ಆ ಪಾಠವನ್ನು ಖುತುಬಾದಲ್ಲಿ ಕೇಳಬಹುದು, ಗ್ರಂಥದಲ್ಲಿ ಓದಬಹುದು. ಆದರೆ ತಲೆಬಾಗಿ ಆ ಬಾಗಿಲನ್ನು ದಾಟಿದವನಿಗೆ ಅದು ಮೈಗೇ ತಿಳಿಯುತ್ತಿತ್ತು. ಕಟ್ಟಡ ಹೋದ ಮೇಲೆ ಪಾಠ ಬಾಯಿಮಾತಿನಲ್ಲಿ ಮಾತ್ರ ಉಳಿಯಿತು. ಒಂದು ಹಳೆಯ ಕಟ್ಟಡದ 'ಸ್ವಭಾವ' ಎಂದರೇನು, ಅದನ್ನು ಏಕೆ ಉಳಿಸಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಉತ್ತಮ ಉತ್ತರ ನನಗೆ ತಿಳಿದಿಲ್ಲ. ಕಟ್ಟಡವು ತನ್ನಲ್ಲಿಗೆ ಬಂದವರಿಗೆ ಮೌನವಾಗಿ ಏನನ್ನು ಕಲಿಸುತ್ತದೆಯೋ ಅದೇ ಅದರ ಸ್ವಭಾವ.

ಕೆಡವಿದ ಮೇಲಿನ ಪಶ್ಚಾತ್ತಾಪ

ಕಅಬಾಲಯದ ಚರಿತ್ರೆಯಲ್ಲಿ ಇನ್ನೊಂದು ಎಚ್ಚರಿಕೆಯಿದೆ. ಪ್ರವಾದಿವರ್ಯರಿಗೆ(ಸ) ಪ್ರವಾದಿತ್ವ ಲಭಿಸುವ ಮುನ್ನ ಕುರೈಶರು ಕಅಬಾವನ್ನು ಪುನರ್ನಿರ್ಮಿಸಿದಾಗ ಶುದ್ಧ ಸಂಪಾದನೆಯ ಹಣ ಸಾಲದೆ ಒಂದು ಭಾಗವನ್ನು ಹೊರಗೆ ಬಿಟ್ಟರು. ಇಂದು ನಾವು ಹತೀಮ್ ಎನ್ನುವುದು ಅದನ್ನೇ. ಬಾಗಿಲನ್ನೂ ನೆಲದಿಂದ ಎತ್ತರಿಸಿದರು. ಹ. ಇಬ್ರಾಹೀಮರ(ಅ) ಅಡಿಪಾಯದ ಮೇಲೆಯೇ ಕಅಬಾವನ್ನು ಮತ್ತೆ ಕಟ್ಟುವ ಹಂಬಲ ತಮಗಿದೆ, ಆದರೆ ಜನರು ಅಜ್ಞಾನ ಕಾಲದಿಂದ ಈಗಷ್ಟೇ ಹೊರಬಂದಿರುವುದರಿಂದ ಹಾಗೆ ಮಾಡುತ್ತಿಲ್ಲ ಎಂದು ಪ್ರವಾದಿವರ್ಯರು(ಸ) ಹ. ಆಯಿಶಾರೊಡನೆ(ರ) ಹೇಳಿದ್ದು ಸಹೀಹಾದ ಹದೀಸ್‌ಗಳಲ್ಲಿದೆ. ಕೆಡವಲು ಅಧಿಕಾರವಿತ್ತು, ಕಾರಣವೂ ಸರಿಯಾದದ್ದೇ ಇತ್ತು. ಆದರೂ ಜನರ ಹೃದಯಗಳನ್ನು ಪರಿಗಣಿಸಿ ಅವರು ಕೈ ತಡೆದರು.

ಮುಂದೆ ಹ. ಅಬ್ದುಲ್ಲಾ ಬಿನ್ ಝುಬೈರ್(ರ) ಇದೇ ಹದೀಸಿನ ಆಧಾರದಲ್ಲಿ ಕಅಬಾವನ್ನು ಇಬ್ರಾಹೀಮೀ ಅಡಿಪಾಯದ ಮೇಲೆ ಕಟ್ಟಿದರು. ಅವರು ಹುತಾತ್ಮರಾದ ಬಳಿಕ ಖಲೀಫ ಅಬ್ದುಲ್ ಮಲಿಕ್‌ರ ಅನುಮತಿಯಿಂದ ಹಜ್ಜಾಜ್ ಅದನ್ನು ಮತ್ತೆ ಹಳೆಯ ರೂಪಕ್ಕೆ ತಂದನು. ಆ ಹದೀಸ್ ನಿಜವೆಂದು ಖಾತ್ರಿಯಾದಾಗ ಅಬ್ದುಲ್ ಮಲಿಕ್, ಅದನ್ನು ಹಾಗೆಯೇ ಬಿಡಬೇಕಿತ್ತು ಎಂದು ಪಶ್ಚಾತ್ತಾಪಪಟ್ಟರು. ಮುಂದೊಮ್ಮೆ ಅಬ್ಬಾಸಿ ಖಲೀಫರೊಬ್ಬರು ಮತ್ತೆ ಕೆಡವಿ ಕಟ್ಟಲು ಬಯಸಿ ಇಮಾಮ್ ಮಾಲಿಕರನ್ನು(ರಹ್) ಕೇಳಿದಾಗ, ಅಲ್ಲಾಹನ ಭವನವನ್ನು ಅರಸರ ಆಟಿಕೆಯಾಗಿಸಬೇಡಿರೆಂದು ಅವರು ತಡೆದರು. ಇಂದು ಒಬ್ಬರು, ನಾಳೆ ಇನ್ನೊಬ್ಬರು ಎಂಬಂತೆ ಕೆಡವುತ್ತಾ ಕಟ್ಟುತ್ತಾ ಹೋದರೆ ಜನರ ಹೃದಯದಲ್ಲಿ ಆ ಭವನದ ಬಗ್ಗೆ ಇರುವ ಗೌರವವೇ ಉಡುಗಿಹೋಗುತ್ತದೆ ಎಂಬುದು ಅವರ ಆತಂಕವಾಗಿತ್ತು.

ನಮ್ಮ ಊರಿನ ಮಸೀದಿಯನ್ನು ಕಅಬಾಕ್ಕೆ ಹೋಲಿಸಲಾಗದು. ಆದರೆ ಇಮಾಮರ ಆತಂಕ ನಮಗೂ ಅನ್ವಯಿಸುತ್ತದೆ. ಪ್ರತಿ ಹೊಸ ಕಮಿಟಿ ತನ್ನ ಅವಧಿಯಲ್ಲಿ 'ಏನಾದರೂ ಮಾಡಿ ತೋರಿಸಬೇಕು' ಎಂದು ಹೊರಟರೆ, ಮಸೀದಿ ಕಮಿಟಿಯ ಫಲಕಕ್ಕೆ ಗೋಡೆ ಒದಗಿಸುವ ಸಾಧನವಾಗುತ್ತದೆ. ಜನರು ಮಸೀದಿಗಳ ವಿಷಯದಲ್ಲಿ ಪರಸ್ಪರ ಜಂಬ ಕೊಚ್ಚಿಕೊಳ್ಳುವುದು ಅಂತ್ಯ ದಿನದ ಸೂಚನೆಗಳಲ್ಲೊಂದು ಎಂಬ ಪ್ರವಾದಿ ವಚನವನ್ನು ನಾವು ಮರೆಯಬಾರದು.

ಫಿಕ್ಹ್ ಏನು ಹೇಳುತ್ತದೆ?

ಮಸೀದಿ ವಕ್ಫ್ ಸೊತ್ತು. ಅದು ಜಮಾಅತಿನ ಅಧ್ಯಕ್ಷರದ್ದೂ ಅಲ್ಲ, ದೊಡ್ಡ ಮೊತ್ತ ಕೊಟ್ಟವರದ್ದೂ ಅಲ್ಲ. ವಕ್ಫ್‌ನ ಆದಾಯವನ್ನು ಮೊತ್ತಮೊದಲು ಅದರ ದುರಸ್ತಿ ಮತ್ತು ಸಂರಕ್ಷಣೆಗೆ ವಿನಿಯೋಗಿಸಬೇಕು, ವಕ್ಫ್ ಮಾಡಿದವನು ಹಾಗೆಂದು ಷರತ್ತು ಹಾಕಿರದಿದ್ದರೂ ಸರಿಯೇ ಎಂದು ನಮ್ಮ ಮದ್ರಸಗಳಲ್ಲಿ ಕಲಿಸುವ 'ಹಿದಾಯಃ' ಗ್ರಂಥ ಹೇಳುತ್ತದೆ. ವಕ್ಫ್ ಮಾಡಿದಾಗ ಸೊತ್ತು ಯಾವ ಸ್ಥಿತಿಯಲ್ಲಿತ್ತೋ ಆ ಸ್ಥಿತಿಯಲ್ಲಿ ಉಳಿಸುವಷ್ಟು ಮಟ್ಟಿಗೆ ದುರಸ್ತಿ ಬಾಧ್ಯತೆಯಾಗುತ್ತದೆ, ಅದಕ್ಕಿಂತ ಹೆಚ್ಚಿನದು ಬಾಧ್ಯತೆಯಲ್ಲ ಎಂಬ ವಿವರಣೆಯೂ ಅಲ್ಲಿಯೇ ಇದೆ. ವಕ್ಫ್ ಸೊತ್ತಿನ ಮೂಲ ರೂಪವನ್ನು ಬದಲಾಯಿಸುವ ವಿಷಯದಲ್ಲಿ ಶಾಫಿಈ ವಿದ್ವಾಂಸರೂ ಬಹಳ ಬಿಗಿಯಾಗಿದ್ದಾರೆ. ಇವೆಲ್ಲದರ ಅರ್ಥ ಮಸೀದಿ ವಿಸ್ತರಿಸಬಾರದೆಂದಲ್ಲ. ಸಂರಕ್ಷಣೆ ಮೊದಲು, ಬದಲಾವಣೆ ಅಗತ್ಯ ಬಿದ್ದಾಗ ಎಂಬ ಕ್ರಮವನ್ನು ಫಿಕ್ಹ್ ಕಲಿಸುತ್ತದೆ. ನಾವು ಈ ಕ್ರಮವನ್ನು ತಲೆಕೆಳಗಾಗಿಸಿದ್ದೇವೆ. ಸೋರುವ ನಾಲ್ಕು ಹೆಂಚುಗಳನ್ನು ಹತ್ತು ವರ್ಷ ಬದಲಾಯಿಸುವುದಿಲ್ಲ. ಪಕ್ಕಾಸು ಕೊಳೆತ ಮೇಲೆ 'ಇನ್ನು ಕೆಡವದೆ ಗತಿಯಿಲ್ಲ' ಎನ್ನುತ್ತೇವೆ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ವಕ್ಫ್ ಕಟ್ಟಡದಿಂದ ಕಳಚಿಬಿದ್ದ ಕಲ್ಲು, ಮರಗಳನ್ನು ಅದೇ ಕಟ್ಟಡದ ದುರಸ್ತಿಗೆ ಬಳಸಬೇಕು, ತಕ್ಷಣ ಬೇಡವಾದರೆ ಬೇಕಾಗುವವರೆಗೆ ಕಾದಿಡಬೇಕು ಎಂಬುದೂ ಹಿದಾಯಃದ ಮಾತು. ಮರುಬಳಕೆ ಸಾಧ್ಯವಿಲ್ಲದಿದ್ದರೆ ಮಾತ್ರ ಮಾರಿ ಆ ಹಣವನ್ನು ದುರಸ್ತಿಗೇ ಹಾಕಬೇಕು. ಆದರೆ ವಾಸ್ತವದಲ್ಲಿ, ಕೆಡವುವ ಗುತ್ತಿಗೆಯ ಜೊತೆಗೆ ಹಳೆಯ ತೊಲೆ, ಕೆತ್ತನೆಯ ಬಾಗಿಲು, ಮಿಂಬರ್‌ಗಳು ಚಿಕ್ಕಾಸಿಗೆ ಹೋಗಿಬಿಡುವುದುಂಟು. ಅದು ಯಾರ ಮರ? ಅದನ್ನು ಕಾಡಿನಿಂದ ಹೊತ್ತು ತಂದವರು, ಉಳಿ ಹಿಡಿದು ಕೆತ್ತಿದವರು ಅದನ್ನು ಅಲ್ಲಾಹನಿಗೆ ಅರ್ಪಿಸಿ ಹೋದರು. ಅದು ನಮ್ಮ ಕೈಯಲ್ಲಿರುವ ಅಮಾನತ್.

ಗುಂಬಜ್ ಇಲ್ಲದಿದ್ದರೆ ಮಸೀದಿಯಲ್ಲವೇ?

ಹೆಂಚಿನ ಮಸೀದಿ ನೋಡಲು ಮನೆಯಂತಿದೆ, ಮಸೀದಿಯಂತೆ ಕಾಣುವುದಿಲ್ಲ ಎಂಬ ವಾದ ಕೆಲವರದು. ಪ್ರವಾದಿವರ್ಯರ(ಸ) ಮಸೀದಿಗೆ ಗುಂಬಜ್ ಇರಲಿಲ್ಲ, ಮಿನಾರವೂ ಇರಲಿಲ್ಲ. ಇಂದು ಕ್ಯಾಲೆಂಡರುಗಳಲ್ಲಿ ಕಾಣುವ ಹಸಿರು ಗುಂಬಜ್‌ನ ಜಾಗದಲ್ಲಿ ಮೊದಲ ಗುಂಬಜ್ ಎದ್ದದ್ದು 1279ರಲ್ಲಿ, ಮಮ್ಲೂಕ್ ಸುಲ್ತಾನ್ ಖಲಾವೂನ್‌ರ ಕಾಲದಲ್ಲಿ. ಅದಕ್ಕೆ ಹಸಿರು ಬಣ್ಣ ಬಂದದ್ದು 1837ರಲ್ಲಿ. ಇಸ್ಲಾಮ್ ಮಸೀದಿಗೆ ಒಂದೇ ಆಕಾರವನ್ನು ವಿಧಿಸಿಲ್ಲ. ಆದ್ದರಿಂದಲೇ ಕಲಬುರಗಿ ಕೋಟೆಯ ಜಾಮಿಅ ಮಸೀದಿ (1367) ತೆರೆದ ಅಂಗಳವೇ ಇಲ್ಲದೆ ಪೂರ್ತಿ ಛಾವಣಿಯಡಿ ನಿಂತಿದೆ. ಕೋಝಿಕ್ಕೋಡಿನ ಕುಟ್ಟಿಚ್ಚಿರದ ಮಿಸ್ಕಾಲ್ ಮಸೀದಿ ಮರದ ಅಂತಸ್ತುಗಳು ಮತ್ತು ಇಳಿಜಾರು ಮಾಡುಗಳೊಂದಿಗೆ ಕೇರಳದ ಮಳೆಗೆ ತಕ್ಕಂತೆ ನಿಂತಿದೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಭಾಗದ ಮರದ ಕೆತ್ತನೆಯನ್ನು ನೋಡಿದವರು, ಈ ಮಣ್ಣಿನ ಬಡಗಿಗಳ ಕೈಚಳಕ ಅಲ್ಲಾಹನ ಮನೆಯಲ್ಲಿ ಹೇಗೆ ಸ್ಥಾನ ಪಡೆಯಿತೆಂದು ಅರಿಯಬಲ್ಲರು. ಈ ನಾಡಿನಲ್ಲಿ ನಾವು ಹೊರಗಿನವರಲ್ಲ ಎಂದು ನೂರು ಭಾಷಣಗಳಲ್ಲಿ ಹೇಳುತ್ತೇವೆ. ಅದಕ್ಕೆ ಸಾಕ್ಷಿಯಾಗಿ ನಿಂತ ಗೋಡೆಗಳನ್ನು ನಾವೇ ಉರುಳಿಸಿದರೆ ಹೇಗೆ?

ಹಾಗೆಂದು ಹಳೆಯದನ್ನೆಲ್ಲ ಆದಿಯಿಂದಲೂ ಹಾಗೆಯೇ ಇತ್ತೆಂದು ಭಾವಿಸುವುದೂ ತಪ್ಪು. ನಾವಿಂದು ಸಂಪ್ರದಾಯವೆಂದು ಮರುಗುವ ಮಂಗಳೂರು ಹೆಂಚು ಒಂದು ಕಾಲದ ಹೊಸ ಯಂತ್ರೋದ್ಯಮದ ಸರಕು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಅದಕ್ಕಿಂತ ಹಳೆಯ ಮಸೀದಿಗಳ ಮೇಲೆ ಇಂದು ಆ ಹೆಂಚು ಇದ್ದರೆ, ಯಾವುದೋ ಒಂದು ತಲೆಮಾರು ಹಳೆಯ ಹೊದಿಕೆಯನ್ನು ತೆಗೆದು ಅದನ್ನು ಹೊದಿಸಿದೆ ಎಂದರ್ಥ. ಅವರೂ ಆಧುನೀಕರಿಸಿದರು. ಆದರೆ ಇಳಿಜಾರನ್ನು ಉಳಿಸಿದರು, ತೊಲೆಗಳನ್ನು ಉಳಿಸಿದರು, ತಂಪನ್ನು ಉಳಿಸಿದರು.

ಕಟ್ಟಡ ವಸ್ತುಸಂಗ್ರಹಾಲಯವಲ್ಲ

ಪರಂಪರೆಯ ಅಭಿಮಾನಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ಮಸೀದಿಯಲ್ಲಿ ನಮಾಝ್ ಮಾಡುವವರು ಯಾರದೋ ಛಾಯಾಚಿತ್ರಕ್ಕಾಗಿ ನಿಂತವರಲ್ಲ. ವೃದ್ಧರಿಗೆ ಹತ್ತಲು ಇಳಿಜಾರು ದಾರಿ ಬೇಕು, ವುಝೂಗೆ ಶುದ್ಧ ನೀರು ಬೇಕು, ಶೌಚಾಲಯ ಬೇಕು, ಸ್ತ್ರೀಯರಿಗೆ ಗೌರವಯುತ ಸ್ಥಳ ಬೇಕು, ಬೇಸಿಗೆಗೆ ಫ್ಯಾನು ಬೇಕು. ಇವುಗಳನ್ನು ತಡೆಯುವ ಸಂರಕ್ಷಣೆ ಅನ್ಯಾಯವಾಗುತ್ತದೆ. ಪಶ್ಚಿಮ ಆಫ್ರಿಕದ ಮಾಲಿ ದೇಶದ ಜೆನ್ನೆ ಪಟ್ಟಣದಲ್ಲಿ ಈ ತೊಡಕು ಸ್ಪಷ್ಟವಾಗಿ ಕಾಣಿಸಿತು. ಮಣ್ಣಿನ ಮನೆಗಳ ಆ ಪಟ್ಟಣ 1988ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಬಳಿಕ ತಮ್ಮ ಮನೆಯ ನೆಲಕ್ಕೆ ಟೈಲ್ಸ್ ಹಾಕಲೂ ಅಡ್ಡಿಯೆಂದು ನಿವಾಸಿಗಳು ಬೇಸರಪಟ್ಟರು. ಪ್ರವಾಸಿಗರ ಸಂತೋಷಕ್ಕಾಗಿ ಬಡವನು ಕೆಸರಿನಲ್ಲಿ ಬದುಕಬೇಕೆಂದು ಯಾರೂ ಹೇಳಲಾಗದು.

ಆದರೆ ಅದೇ ಜೆನ್ನೆಯಿಂದ ಕಲಿಯಬೇಕಾದದ್ದೂ ಇದೆ. ಅಲ್ಲಿನ ಈಗಿನ ಮಹಾ ಮಸೀದಿ 1907ರಲ್ಲಿ ಹಳೆಯ ಮಸೀದಿಯ ಸ್ಥಳದಲ್ಲಿ ಕಟ್ಟಿದ್ದು, ಪೂರ್ತಿ ಮಣ್ಣಿನದು. ಮಳೆಗೆ ಕರಗುವ ಅದರ ಗೋಡೆಗಳಿಗೆ ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ ಮಣ್ಣು ಮೆತ್ತುತ್ತದೆ. ಯುವಕರು ಗೋಡೆಯಿಂದ ಚಾಚಿದ ಮರದ ತೊಲೆಗಳನ್ನು ಹಿಡಿದು ಮೇಲೇರುತ್ತಾರೆ, ಹೆಣ್ಣುಮಕ್ಕಳು ನೀರು ಹೊರುತ್ತಾರೆ, ಅನುಭವಿ ಮೇಸ್ತ್ರಿಗಳು ನಿಂತು ಮಾರ್ಗದರ್ಶನ ಮಾಡುತ್ತಾರೆ. ಹೊರಪದರದ ಮಣ್ಣು ವರ್ಷ ವರ್ಷವೂ ಹೊಸದು. ಮಸೀದಿ ಮಾತ್ರ ಅದೇ. ಹಳೆಯದು ಉಳಿಯುವುದು ಮುಟ್ಟದೆ ಬಿಡುವುದರಿಂದಲ್ಲ, ಪ್ರತಿವರ್ಷ ಪ್ರೀತಿಯಿಂದ ಮುಟ್ಟುವುದರಿಂದ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕೇ? ಇದು ಇಮಾರತ್ ಪದದ ಪೂರ್ಣ ಅರ್ಥ.

ನಮ್ಮ ನೆರೆಯಲ್ಲೂ ಒಂದು ಉದಾಹರಣೆಯಿದೆ. ಕೇರಳದ ಕೊಡುಂಗಲ್ಲೂರಿನ ಚೇರಮಾನ್ ಜುಮಾ ಮಸೀದಿ ಭಾರತದ ಮೊದಲ ಮಸೀದಿಯೆಂದು ಪರಂಪರೆಯಿಂದ ಪ್ರಸಿದ್ಧ. 1974ರಿಂದ ಮೊದಲ್ಗೊಂಡು ಅದಕ್ಕೆ ಹಂತ ಹಂತವಾಗಿ ಕಾಂಕ್ರೀಟು ಭಾಗಗಳನ್ನು ಸೇರಿಸಿ ಗುಂಬಜ್, ಮಿನಾರಗಳ ಹೊಸ ರೂಪ ಕೊಡಲಾಗಿತ್ತು. ಹಳೆಯ ಮಸೀದಿಯ ಒಳಭಾಗ ಅವುಗಳ ನಡುವೆ ಅಡಗಿಹೋಗಿತ್ತು. ಮುಂದೆ ಮುಝಿರಿಸ್ ಪರಂಪರೆ ಯೋಜನೆಯಡಿ ಆ ಸೇರ್ಪಡೆಗಳನ್ನು ತೆಗೆದು, ಹಳೆಯ ಹೆಂಚಿನ ಮಾಡಿನ ರೂಪವನ್ನು ಮರಳಿ ತರಲಾಯಿತು. ಹಾಗಾದರೆ ಹೆಚ್ಚಿದ ಜನರಿಗೆ ಸ್ಥಳವೆಲ್ಲಿ? ಅದಕ್ಕಾಗಿ ನೆಲದಡಿಯಲ್ಲಿ ವಿಶಾಲವಾದ ಪ್ರಾರ್ಥನಾ ಸಭಾಂಗಣವನ್ನು ನಿರ್ಮಿಸಲಾಯಿತು. ಯುವಕರು ಕೇಳುತ್ತಿದ್ದುದು ಸಿಕ್ಕಿತು, ವೃದ್ಧರು ಮರುಗುತ್ತಿದ್ದುದೂ ಉಳಿಯಿತು. ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕೆಂಬುದು ಬಹಳಷ್ಟು ಸಲ ನಮ್ಮ ಅವಸರದ ಮಾತು.

ಸೌದಿ ಅರೇಬಿಯದಲ್ಲಿಯೂ ಇಂತಹ ಮರುಚಿಂತನೆ ನಡೆದಿದೆ. ಮಕ್ಕಾದಲ್ಲಿ ಹಜ್ಜ್ ಯಾತ್ರಿಕರ ಸಂಖ್ಯೆ ಲಕ್ಷಗಟ್ಟಲೆ ಹೆಚ್ಚಿದಾಗ ಹರಮ್‌ನ ವಿಸ್ತರಣೆ ಅನಿವಾರ್ಯವಾಯಿತು, ಅದನ್ನು ಯಾರೂ ಅಲ್ಲಗಳೆಯರು. ಆದರೆ 2002ರಲ್ಲಿ ಉಸ್ಮಾನಿಯರ ಕಾಲದ ಅಜ್ಯಾದ್ ಕೋಟೆಯನ್ನು ಕೆಡವಿ ಆ ಜಾಗದಲ್ಲಿ ಗಗನಚುಂಬಿ ಹೋಟೆಲುಗಳನ್ನು ಎಬ್ಬಿಸಿದಾಗ ಮುಸ್ಲಿಮ್ ಜಗತ್ತಿನಲ್ಲಿ ಹಲವರು ನೊಂದರು. ಅದೇ ದೇಶ 2018ರಿಂದ ಐತಿಹಾಸಿಕ ಮಸೀದಿಗಳ ಪುನರುಜ್ಜೀವನಕ್ಕೆ ಒಂದು ಯೋಜನೆಯನ್ನು ಆರಂಭಿಸಿತು. ಒಟ್ಟು 130 ಹಳೆಯ ಮಸೀದಿಗಳನ್ನು ಆಯಾ ಪ್ರದೇಶದ ಮೂಲ ಶೈಲಿಯಲ್ಲಿಯೇ ಸರಿಪಡಿಸಿ ನಮಾಝ್‌ಗೆ ತೆರೆಯುವುದು ಅದರ ಗುರಿ. ಕೆಡವುವುದೇ ಅಭಿವೃದ್ಧಿಯೆಂಬ ಭಾವನೆ ಬದಲಾಗುತ್ತಿದೆಯೆಂಬುದಕ್ಕೆ ಇದು ಸಾಕ್ಷಿ.

ಕೆಡವುವ ಮುನ್ನ

ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾನೂನಿನ ಪಟ್ಟಿಯಲ್ಲಿರುವ ಕಟ್ಟಡಗಳನ್ನು ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಆದರೆ ನಮ್ಮ ಹಳ್ಳಿಗಳ ಬಹುತೇಕ ಮಸೀದಿಗಳು ಯಾವ ಪಟ್ಟಿಯಲ್ಲಿಯೂ ಇಲ್ಲ. ಅವುಗಳಿಗೆ ಕಾವಲು ನಮ್ಮ ಮನಸ್ಸಾಕ್ಷಿ ಮಾತ್ರ. ಆದ್ದರಿಂದ ಜಮಾಅತಿನವರು ಸಭೆ ಸೇರಿದಾಗ ನಾಲ್ಕು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳಲಿ.

ಒಂದನೆಯದು, ನಮ್ಮದು ಅಗತ್ಯವೋ, ಹೆಮ್ಮೆಯೋ? ವಾರಕ್ಕೊಮ್ಮೆ ಜುಮುಆದಂದು ತುಂಬುವ ಮಸೀದಿ ಫಜ್ರ್‌ಗೆ ಖಾಲಿಯಿದ್ದರೆ, ಕೊರತೆಯಿರುವುದು ಗೋಡೆಯಲ್ಲೋ ನಮ್ಮಲ್ಲೋ?

ಎರಡನೆಯದು, ಹಳೆಯದನ್ನು ಉಳಿಸಿ ಪಕ್ಕದಲ್ಲೋ ಹಿಂದೆಯೋ ವಿಸ್ತರಿಸಲು ಸಾಧ್ಯವಿಲ್ಲವೇ? ಹಳೆಯ ಭಾಗ ನಿತ್ಯದ ನಮಾಝ್‌ಗೆ, ಹೊಸ ಭಾಗ ಜುಮುಆಕ್ಕೆ ಎಂಬ ಏರ್ಪಾಡು ಹಲವು ಕಡೆ ಸಾಧ್ಯ.

ಮೂರನೆಯದು, ಹಳೆಯ ಕಟ್ಟಡವನ್ನು ತಿಳಿದವರು ಪರೀಕ್ಷಿಸಿದ್ದಾರೆಯೇ? ಸುಣ್ಣದ ಗಾರೆಯ ಮುರಕಲ್ಲಿನ ಗೋಡೆ ಉಸಿರಾಡುವ ಗೋಡೆ. ಅದರ ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾಗದೆ ಗೋಡೆಯನ್ನೂ ಅದಕ್ಕೆ ತಾಗಿದ ಮರವನ್ನೂ ಕೊಳೆಸುತ್ತದೆ. 'ಹಳೆಯ ಗೋಡೆ ಹಾಳಾಯಿತು' ಎನ್ನುವಾಗ ಅನೇಕ ಸಲ ಹಾಳುಮಾಡಿದ್ದು ಅದರ ಮೇಲಿನ ಹೊಸ ಲೇಪ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ, ಮರ ಬಲ್ಲ ಬಡಗಿ ಇವರನ್ನು ಕೇಳದೆ ಮರಣದಂಡನೆ ವಿಧಿಸಬಾರದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಈ ಕಟ್ಟಡ ನಮ್ಮ ಮಕ್ಕಳಿಗೆ ಏನನ್ನು ಕಲಿಸುತ್ತಿದೆ? ಅದು ಹೋದ ಮೇಲೆ ಆ ಪಾಠವನ್ನು ಯಾರು ಕಲಿಸುತ್ತಾರೆ? ಬಡತನದಲ್ಲೂ ಅತ್ಯುತ್ತಮ ಮರವನ್ನು ಅಲ್ಲಾಹನಿಗೆ ಕೊಟ್ಟ ಹಿರಿಯರ ಔದಾರ್ಯ, ಅಬ್ಬರವಿಲ್ಲದ ಅವರ ವಿನಯ, ನೆರೆಹೊರೆಯ ಮನೆಗಳ ನಡುವೆ ತಲೆಯೆತ್ತಿ ಮೆರೆಯದೆ ಬೆರೆತು ನಿಂತ ಅವರ ಸಹಬಾಳ್ವೆ, ಇವೆಲ್ಲ ಆ ತಗ್ಗು ಮಾಡಿನಲ್ಲಿ ಬರೆದಿಲ್ಲವೇ?

ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ ಕಾಯುವುದೇ ಲೇಸು. ಏಕೆಂದರೆ ಉಳಿಸಿದ್ದನ್ನು ನಾಳೆ ಬೇಕಾದರೂ ಕೆಡವಬಹುದು. ಕೆಡವಿದ್ದನ್ನು ಯಾವ ಖಲೀಫನ ಪಶ್ಚಾತ್ತಾಪವೂ ಮರಳಿ ತರಲಾರದು. ಎರಡು ತಪ್ಪುಗಳಲ್ಲಿ ಒಂದನ್ನು ತಿದ್ದಲು ದಾರಿಯಿದೆ, ಇನ್ನೊಂದಕ್ಕಿಲ್ಲ. ವಿವೇಕಿಯು ಯಾವುದಕ್ಕೆ ಹೆಚ್ಚು ಅಂಜಬೇಕೆಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಇದು ಮಸೀದಿಗೆ ಮಾತ್ರ ಸೀಮಿತವಾದ ಮಾತಲ್ಲ. ಸಈದ್ ಬಿನ್ ಮುಸಯ್ಯಬ್(ರಹ್) ಮರುಗಿದ್ದು ಮನೆಗಳಿಗಾಗಿ. ನಮ್ಮ ಹಳೆಯ ಮನೆಗಳನ್ನು ಪಾಲು ಮಾಡುವಾಗ, ಅಜ್ಜಿ ಕುರ್‌ಆನ್ ಕಲಿಸುತ್ತಿದ್ದ ಪಡಸಾಲೆಯನ್ನು ಒಡೆದು ಟಾರಸಿ ಮನೆ ಎಬ್ಬಿಸುವಾಗಲೂ ಇದೇ ನಾಲ್ಕು ಪ್ರಶ್ನೆಗಳು ಅನ್ವಯಿಸುತ್ತವೆ. ಮನೆ ನಮ್ಮ ಸ್ವಂತ ಸೊತ್ತು, ಅದರಲ್ಲಿ ನಮಗೆ ಹೆಚ್ಚಿನ ಸ್ವಾತಂತ್ರ್ಯವಿದೆ. ಆದರೂ ನೆನಪು ಇಡೀ ಕುಟುಂಬದ್ದು.

ಮಸೀದಿಯಾದರೋ ಅಲ್ಲಾಹನದು. ಅದನ್ನು ಕಟ್ಟಿದವರು ಕಬರಿನಲ್ಲಿದ್ದಾರೆ, ಅವರ ಪುಣ್ಯ ಅದರ ಮೂಲಕ ಹರಿಯುತ್ತಿದೆ. ಅದರಲ್ಲಿ ನಾಳೆ ಸುಜೂದ್ ಮಾಡಲಿರುವವರು ಇನ್ನೂ ಹುಟ್ಟಿಲ್ಲ. ಈ ಇಬ್ಬರ ನಡುವೆ ಕೆಲವು ವರ್ಷಗಳ ಮಟ್ಟಿಗೆ ಅದರ ಬೀಗದ ಕೈ ನಮ್ಮ ಬಳಿಯಿದೆ, ಅಷ್ಟೇ. ಕೈ ಹಿಡಿದವನು ಯಜಮಾನನಾಗುವುದಿಲ್ಲ. ಅಮಾನತನ್ನು ಅರಿತು ನಿಭಾಯಿಸುವ ವಿವೇಕವನ್ನೂ, ಕಟ್ಟುವಾಗ ವಿನಯವನ್ನೂ, ಕೆಡವುವ ಮುನ್ನ ಅಂಜಿಕೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.